ಶಬ್ದಾತೀತ ಹಾರಾಟ: ಸ್ಫೋಟದಂಥ ಸದ್ದಿನ ಹಿಂದಿನ ಭೌತಶಾಸ್ತ್ರ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಭಾರೀ ಸದ್ದು ಕೇಳಿಬಂದಿತ್ತು. ಭೂಕಂಪವೆಂಬ ಆತಂಕವೂ ಹಬ್ಬಿತ್ತು. ನಗರದಿಂದ ದೂರದಲ್ಲಿ ಪರೀಕ್ಷಾ ಹಾರಾಟ ನಡೆಸಿದ್ದ ವಾಯುಪಡೆಯ ವಿಮಾನ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳಗಿಳಿಯುವಾಗ ಈ ಸದ್ದು ಕೇಳಿಸಿರಬಹುದೆಂದು ರಕ್ಷಣಾ ಇಲಾಖೆ ಬಳಿಕ ತಿಳಿಸಿತು.

ಶಬ್ದದ ವೇಗವೆಷ್ಟು?
ಇದು ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ ಸುಮಾರು 1,225 ಕಿ.ಮೀ. ಇರುವ ವೇಗ, ಮೈನಸ್ 56 ಡಿಗ್ರಿಯಷ್ಟು ತಂಪಿರುವ 11 ಕಿ.ಮೀ. ಎತ್ತರದಲ್ಲಿ ಸುಮಾರು 1,060 ಕಿ.ಮೀ.ಗೆ ಇಳಿಯುತ್ತದೆ. ಆದ್ದರಿಂದಲೇ ವಿಮಾನದ ವೇಗವನ್ನು ಸುತ್ತಲಿನ ಶಬ್ದವೇಗಕ್ಕೆ ಹೋಲಿಸಿ 'ಮ್ಯಾಕ್' ಸಂಖ್ಯೆಯಲ್ಲಿ ಹೇಳುತ್ತಾರೆ. ಮ್ಯಾಕ್ 2 ಎಂದರೆ ಶಬ್ದದ ಎರಡರಷ್ಟು ವೇಗ.

ಆಘಾತ ತರಂಗ
ಹಾರುವ ವಿಮಾನ ಗಾಳಿಯಲ್ಲಿ ಒತ್ತಡದ ಅಲೆಗಳನ್ನು ಎಬ್ಬಿಸುತ್ತದೆ. ಇವು ಶಬ್ದದ ವೇಗದಲ್ಲೇ ಚಲಿಸುತ್ತವೆ. ನಿಧಾನವಾಗಿ ಹಾರುವ ವಿಮಾನಕ್ಕಿಂತ ಅಲೆಗಳು ಮುಂದೆ ಸಾಗುವುದರಿಂದ ಎದುರಿನ ಗಾಳಿ ಮೊದಲೇ ಸರಿದು ದಾರಿ ಬಿಡುತ್ತದೆ. ವಿಮಾನವೇ ಶಬ್ದವನ್ನು ಮೀರಿದಾಗ ಅಲೆಗಳು ಹಿಂದುಳಿದು, ಒಂದರ ಮೇಲೊಂದು ಒತ್ತೊತ್ತಾಗಿ ಸೇರಿ ಶಂಕುವಿನಾಕಾರದ ಆಘಾತ ತರಂಗವಾಗುತ್ತವೆ. ಅದನ್ನು ದಾಟುವ ಗಾಳಿಯ ಒತ್ತಡ, ಸಾಂದ್ರತೆ, ಉಷ್ಣತೆಗಳು ಹಠಾತ್ತನೆ ಏರುತ್ತವೆ.

ಈ ಶಂಕು ನೆಲಕ್ಕೆ ತಾಕಿದಾಗ ಕೇಳುವುದೇ 'ಸೋನಿಕ್ ಬೂಮ್'. ಶಬ್ದದ ಗಡಿ ದಾಟುವ ಕ್ಷಣದಲ್ಲಿ ಮಾತ್ರ ಈ ಸದ್ದು ಹುಟ್ಟುತ್ತದೆಂಬ ನಂಬಿಕೆ ತಪ್ಪು. ವಿಮಾನ ಶಬ್ದಾತೀತ ವೇಗದಲ್ಲಿರುವಷ್ಟು ಹೊತ್ತೂ ಶಂಕು ಅದರ ಬೆನ್ನ ಹಿಂದೆಯೇ ಸಾಗುತ್ತದೆ. ಒಂದು ಊರಿನವರಿಗೆ ಕ್ಷಣಮಾತ್ರ ಕೇಳುವ ಸದ್ದು, ಮಾರ್ಗದ ಮುಂದಿನ ಊರುಗಳಿಗೂ ಸರದಿಯಂತೆ ತಲುಪುತ್ತದೆ.

ಮೊದಲ ಯಶಸ್ಸು
ಶಬ್ದವೇಗದ ಸಮೀಪದಲ್ಲಿ ಗಾಳಿಯ ಎಳೆತ ತೀವ್ರವಾಗಿ ಹೆಚ್ಚುತ್ತದೆ. ಬಾಲದ ಚಾಲನಾ ಫಲಕಗಳ ಮೇಲೆ ಆಘಾತ ತರಂಗ ಮೂಡಿ ಹಿಡಿತ ತಪ್ಪುತ್ತದೆ. ಅಮೆರಿಕದ ಬೆಲ್ ಎಕ್ಸ್-1 ರಾಕೆಟ್ ವಿಮಾನದಲ್ಲಿ ಅಡ್ಡಬಾಲವನ್ನೇ ಇಡಿಯಾಗಿ ಓರೆಯಾಗಿಸುವ ವ್ಯವಸ್ಥೆಯಿಂದ ಈ ತೊಡಕು ನೀಗಿತು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಅದನ್ನು ಮ್ಯಾಕ್ 1.06ರ ವೇಗದಲ್ಲಿ ಹಾರಿಸಿದರು.

ನಾಗರಿಕ ವಿಮಾನಯಾನಕ್ಕೆ ಮಾತ್ರ ಸದ್ದೇ ದೊಡ್ಡ ತಡೆಯಾಯಿತು. 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು. ಮ್ಯಾಕ್ 2ರ ವೇಗದ ಕಾಂಕಾರ್ಡ್ ಮುಖ್ಯವಾಗಿ ಅಟ್ಲಾಂಟಿಕ್ ಸಾಗರದ ಮೇಲಿನ ಮಾರ್ಗಗಳಿಗೆ ಸೀಮಿತಗೊಂಡು, 2003ರಲ್ಲಿ ನಿವೃತ್ತಿಯಾಯಿತು.