ಪುಲಕೇಶಿಯ ನಾಡಿಗೆ ಬಂದ ಪರದೇಶಿ

ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬೆನ್ನಿಗೆ ಚೀಲ ಹಾಕಿಕೊಂಡು ಮೇಣಬಸದಿ ಕಡೆಗೆ ನಡೆದುಹೋಗುವ ವಿದೇಶಿಯರನ್ನು ನೀವೂ ನೋಡಿರುತ್ತೀರಿ. ಕಟ್ಟೆ ಮೇಲೆ ಕುಂತ ಹಿರಿಯರು ‘ಯಾವೂರ್ರೀ ನಿಮ್ದು?’ ಎಂದು ಕನ್ನಡದಲ್ಲೇ ಕೇಳುತ್ತಾರೆ. ಬಂದವರು ನಕ್ಕು ಮುಂದೆ ಹೋಗುತ್ತಾರೆ. ನಾವು ಅವರನ್ನು ನೋಡುತ್ತೇವೆ. ಅವರೂ ನಮ್ಮನ್ನು ನೋಡಿಕೊಂಡು ಹೋಗುತ್ತಾರೆ ಎಂಬುದು ನಮಗೆ ಹೊಳೆಯುವುದಿಲ್ಲ.

ಹಾಗೆ ನೋಡಿಕೊಂಡು ಹೋದವನೊಬ್ಬ ಸುಮಾರು 1,380 ವರ್ಷಗಳ ಹಿಂದಿನವನು. ಶಾಲೆಯಲ್ಲಿ ನಾವು ಓದಿದ ಹುಯೆನ್ ತ್ಸಾಂಗ್. ಚೀನಾದ ಬೌದ್ಧ ಭಿಕ್ಷು. 629ರ ಸುಮಾರಿಗೆ, ದೇಶ ಬಿಟ್ಟು ಹೋಗಬಾರದೆಂಬ ಆಜ್ಞೆ ಇದ್ದರೂ ಕದ್ದು ಹೊರಟ. ಕೆಲವೊಮ್ಮೆ ಕುದುರೆ, ಕೆಲವೊಮ್ಮೆ ದೋಣಿ, ಉಳಿದಂತೆ ಕಾಲ್ನಡಿಗೆ. ನಾಲಂದಾದಲ್ಲಿ ಸಂಸ್ಕೃತ ಕಲಿತ. ಆಮೇಲೆ ದಕ್ಷಿಣಕ್ಕೆ ಬಂದ.

ನಮ್ಮ ಕಡೆ ಬಂದ ದಾರಿಯನ್ನು ಅವನೇ ಬರೆದಿದ್ದಾನೆ. ಕೊಂಕಣಪುರ ಬಿಟ್ಟ ಮೇಲೆ ದೊಡ್ಡ ಕಾಡು, ಕಾಡುಮೃಗಗಳ ಕಾಟ, ದಾರಿಗಳ್ಳರ ಹಿಂಡು. ಅದನ್ನು ದಾಟಿ 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯ ಸೇರಿದ. ರಾಜಧಾನಿಯ ಸುತ್ತಳತೆ 30 ‘ಲೀ’ ಎಂದು ಬರೆದ. ಒಂದು ಲೀ ಎಂದರೆ ಅರ್ಧ ಕಿಲೋಮೀಟರಿಗೂ ತುಸು ಕಡಿಮೆ. ಎಲ್ಲಿಗೆ ಹೋದರೂ ಊರು ಎಷ್ಟು ಸುತ್ತು ಇದೆ ಎಂದು ಬರೆಯುವುದು ಅವನ ರೂಢಿ.

ಒಂದು ಮಾತು ಹೇಳಿಬಿಡಬೇಕು. ಆ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿ ಇದೆ ಎನ್ನುತ್ತಾನೆ. ಬಾದಾಮಿಗೆ ಅದು ಹೊಂದುವುದಿಲ್ಲ. ಹಾಗಾಗಿ ಅವನು ಕಂಡದ್ದು ನಾಸಿಕ್ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಊರು ಯಾವುದೇ ಇರಲಿ, ದೊರೆ ನಮ್ಮವನೇ. ಪುಲಕೇಶಿಯ ಹೆಸರು ಹೇಳಿಯೇ ಬರೆದಿದ್ದಾನೆ.

ಹುನಗುಂದ ತಾಲೂಕಿನ ಐಹೊಳೆಗೆ ಹೋದರೆ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಎನ್ನುತ್ತದೆ. ಆಸ್ಥಾನದ ಕವಿ, ಹೊಗಳದೆ ಇರುತ್ತಾನೆಯೇ ಎನ್ನಬಹುದು. ಆದರೆ ಹರ್ಷನ ಮನೆಯಲ್ಲೇ ಉಂಡ ಈ ಪರದೇಶಿಯೂ, ಹರ್ಷನಿಗೆ ಈ ನಾಡನ್ನು ಗೆಲ್ಲಲಾಗಲಿಲ್ಲ ಎಂದೇ ಬರೆದ. ಹೊರಗಿನವನ ಸಾಕ್ಷಿಗೆ ಬೆಲೆ ಬರುವುದು ಇದಕ್ಕೇ.

ಅವನು ರಾಜನಿಗಿಂತ ಜನರ ಬಗ್ಗೆ ಬರೆದದ್ದು ನನಗೆ ಹೆಚ್ಚು ಹಿಡಿಸಿತು. ಇಲ್ಲಿಯವರು ಎತ್ತರದ ಆಳು, ಸರಳ ಸ್ವಭಾವ, ಆದರೆ ಸ್ವಾಭಿಮಾನಿಗಳು. ಉಪಕಾರ ಮಾಡಿದವರನ್ನು ಮರೆಯರು, ಅವಮಾನ ಮಾಡಿದವರನ್ನು ಬಿಡರು. ಕಷ್ಟದಲ್ಲಿದ್ದವರು ಕರೆದರೆ ತಮ್ಮನ್ನು ಮರೆತು ಓಡುತ್ತಾರೆ. ಸೇಡಿಗೆ ಹೋಗುವಾಗಲೂ ಮೊದಲು ವೈರಿಗೆ ಹೇಳಿಯೇ ಹೋಗುತ್ತಾರೆ.

ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ನೇ ಇಸವಿಯದು. ಕನ್ನಡದ ತೀರಾ ಹಳೆಯ ತ್ರಿಪದಿಗಳು ಅದರಲ್ಲೇ ಇರುವುದು. ಒಳ್ಳೆಯವರಿಗೆ ಈತ ಒಳ್ಳೆಯವ, ಕಾಡುವವರಿಗೆ ಮಹಾ ಕೆಟ್ಟವ ಎಂಬುದು ಅದರ ತಾತ್ಪರ್ಯ. ಚೀನಾದವನು ಅರವತ್ತು ವರ್ಷ ಮೊದಲು ಕಂಡ ಗುಣವನ್ನೇ ನಮ್ಮವರು ನಮ್ಮ ಮಾತಿನಲ್ಲಿ ಕಲ್ಲಿಗೆ ಹಾಕಿದ್ದಾರೆ. ಅವನ ಪುಸ್ತಕವನ್ನು ಇವರು ಓದಿರಲು ಸಾಧ್ಯವಿಲ್ಲ.

ಅವನು ಬಂದುಹೋದ ಮರುವರ್ಷವೇ, 642ರಲ್ಲಿ, ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಗೆದ್ದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಅಷ್ಟು ದೊಡ್ಡ ರಾಜನ ಊರು ಪರರ ಪಾಲಾಯಿತು. 645ರಲ್ಲಿ ಚೀನಾ ಸೇರಿದ ಭಿಕ್ಷು ಮರುವರ್ಷ ಪುಸ್ತಕ ಮುಗಿಸಿದ. ಅದರಲ್ಲಿ ನಮ್ಮ ಜನರ ಗುಣ ಬರಹವಾಗಿ ಉಳಿಯಿತು.

ಈಗ ಬರುವವರೂ ಬರೆಯುತ್ತಾರೆ, ಫೋಟೊ ಹಾಕುತ್ತಾರೆ. ಕಾರಿನಲ್ಲಿ ಬಂದವರು ಗುಹೆ ನೋಡಿ ಹೊರಟುಬಿಡುತ್ತಾರೆ. ನಡೆದು ಬಂದವರು ನಮ್ಮ ಓಣಿ ದಾಟುತ್ತಾರೆ, ನಮ್ಮ ಮಾತು ಕೇಳುತ್ತಾರೆ, ನಾವು ಕೆರೆ ದಂಡೆಗೆ ಒಗೆದ ಪ್ಲಾಸ್ಟಿಕ್ಕನ್ನೂ ಕಾಣುತ್ತಾರೆ.

ಮುಂದಿನ ಸಲ ಯಾರಾದರೂ ದಾರಿ ಕೇಳಿದರೆ ಕೈ ತೋರಿಸಿ ಬಿಡಬೇಡಿ. ಕೆರೆ ತನಕ ಜೊತೆಗೆ ಹೋಗಿ ಬನ್ನಿ. ಅರಭಟ್ಟನ ಶಾಸನವನ್ನು ನೀವೂ ಇನ್ನೂ ನೋಡಿರದಿದ್ದರೆ, ಆ ನೆಪದಲ್ಲಿ ನೋಡಿದಂತೆಯೂ ಆದೀತು.