ಗುಡ್ಡ ಹತ್ತಿದ ಹೊಳೆ

ನಮ್ಮ ಬಾಗಲಕೋಟೆ ಜಿಲ್ಲೆಯವರು ಯಾರೇ ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡರೂ ಮೊದಲು ಹುಡುಕೋದು ತಮ್ಮೂರನ್ನೇ. ಬೆಳಗಾವಿಯ ಸಾಂಬ್ರಾದಿಂದ ವಿಮಾನ ಎಬ್ಬಿಸಿ, ಗೋಕಾಕದ ಹತ್ತಿರ ಘಟಪ್ರಭಾ ಹೊಳೆ ಹಿಡಿದರೆ ಮುಧೋಳದ ತನಕ ತಕರಾರಿಲ್ಲ. ಬೀಳಗಿ ಕಡೆ ಬಂದ ಮೇಲೆ ನೋಡ್ರಿ ಮಜಾ. ಹಳೆಯ ಸೀನರಿ ಇದ್ದರೆ ಆಲಮಟ್ಟಿಯ ಹಿನ್ನೀರೇ ಇಲ್ಲ, ಕೃಷ್ಣೆ ಬರೀ ಒಂದು ಸಣ್ಣ ಗೆರೆ. ಅದರ ಮೇಲೆ ಹೊಸ ನೀರಿನ ಪದರ ಹಾಕಿದರೆ, ನೀರು ದಂಡೆಯ ಇಳಿಜಾರನ್ನು ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಕೂತಿರುತ್ತದೆ.

ಗ್ರಾಫಿಕ್ಸ್ ಸೆಟ್ಟಿಂಗ್ ಎಷ್ಟು ಏರಿಸಿದರೂ, ಡ್ರೈವರ್ ಬದಲಿಸಿದರೂ ಇದು ಹೋಗೋದಿಲ್ಲ. ಯಾಕಂದ್ರೆ ಸೀನರಿಯ ಒಂದೊಂದು ಪದರಕ್ಕೂ ಒಂದೊಂದು ವಯಸ್ಸು. ತಪ್ಪು ಇರೋದು ತಾರೀಖಿನಲ್ಲಿ.

ಫ್ಲೈಟ್‌ಗಿಯರ್‌ನ ಹಳೆಯ ಸೀನರಿಯನ್ನೇ ತಗೊಳ್ಳಿ. ಅದರ ಹೊಳೆ-ಕೆರೆಗಳು ವಿಮ್ಯಾಪ್ ಝೀರೋ ಎಂಬ ನಕ್ಷೆಯಿಂದ ಬಂದವು. ಅದರ ಮೂಲ 1992ರ ಡಿಜಿಟಲ್ ಚಾರ್ಟ್ ಆಫ್ ದಿ ವರ್ಲ್ಡ್. ಇನ್ನೂ ಹಿಂದೆ ಹೋದರೆ, ಅಮೆರಿಕದ ಸೇನೆ ವಿಮಾನ ಚಾಲಕರಿಗಾಗಿ ಮಾಡಿಸಿದ ಕಾಗದದ ನಕ್ಷೆಗಳು. ಅವುಗಳಲ್ಲಿ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ ಒಂದು ಕಿಲೋಮೀಟರ್. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಾದರೂ ಆ ನಕ್ಷೆಗಳ ಕಾಲಕ್ಕೆ ಹಿನ್ನೀರು ಇನ್ನೂ ಬಂದಿರಲಿಲ್ಲ.

ನೆಲದ ಎತ್ತರದ ಪದರ ಬೇರೆ ಕಡೆಯಿಂದ ಬಂದದ್ದು. 2000ದ ಫೆಬ್ರವರಿ 11ರಂದು ಎಂಡೇವರ್ ನೌಕೆ ಅಂತರಿಕ್ಷಕ್ಕೆ ಹಾರಿತು. ನೌಕೆಯಲ್ಲೊಂದು, 60 ಮೀಟರ್ ಉದ್ದದ ಕಂಬದ ತುದಿಯಲ್ಲೊಂದು ರಾಡಾರ್ ಆಂಟೆನಾ ಇಟ್ಟುಕೊಂಡು, 11 ದಿನದ ಯಾನದಲ್ಲಿ ಭೂಮಿಯ ನೆಲದ ಸುಮಾರು ಶೇ. 80ರಷ್ಟನ್ನು ಅಳೆಯಿತು. ನಮ್ಮ ಕಡೆಗೆ ಮೊದಲು ಸಿಕ್ಕಿದ್ದು 90 ಮೀಟರಿಗೊಂದು ಅಳತೆ. 30 ಮೀಟರಿನದು ಸಿಗತೊಡಗಿದ್ದು 2014ರಿಂದ. ಬಹಳಷ್ಟು ಸಿಮ್ಯುಲೇಟರುಗಳ ಗುಡ್ಡ-ತಗ್ಗು ಇವತ್ತಿಗೂ ಇದರ ಮೇಲೇ ನಿಂತಿದೆ.

ಈಗ ತಾರೀಖು ಕೂಡಿಸಿ ನೋಡಿ. ಆಲಮಟ್ಟಿಯಲ್ಲಿ 519.6 ಮೀಟರ್ ಮಟ್ಟಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2000ದ ಏಪ್ರಿಲ್ 25ಕ್ಕೆ. ಅಷ್ಟೊತ್ತಿಗೆ ನೌಕೆ ಅಳತೆ ಮುಗಿಸಿ ಎರಡು ತಿಂಗಳಾಗಿತ್ತು. ಬಾಗಲಕೋಟೆಯ ತಗ್ಗಿನ ಓಣಿಗಳು, ಬೀಳಗಿ ತಾಲೂಕಿನ ಹೊಳೆಸಾಲಿನ ಊರುಗಳು, ಆಚೆ ದಂಡೆಯಲ್ಲಿ ಮೊಸರಿಗೆ ಹೆಸರಾದ ಕೊಲ್ಹಾರ – ಇಲ್ಲೆಲ್ಲ ನೀರು ಪೂರ್ತಿ ಏರಿದ್ದು ಆಮೇಲೆ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದರು.

ಅಂದ್ರೆ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇರೋದು ಮುಳುಗಡೆಗೆ ಮುಂಚಿನ ದಂಡೆ. ಆಗಲೇ ನೀರಿದ್ದ ಕಡೆ ರಾಡಾರಿಗೆ ನೀರಿನ ಮೈಯಷ್ಟೇ ಸಿಕ್ಕಿದೆ. ಅದಕ್ಕಿಂತ ಮೇಲಿನ ಎರೆ ಹೊಲ, ದಿನ್ನೆ, ಹಳ್ಳದ ಇಳಿಜಾರು ಒಣನೆಲವಾಗಿಯೇ ಉಳಿದಿವೆ. ಮನೆ, ಗುಡಿ ಕಾಣೋದಿಲ್ಲ. ಊರು ಕೂತಿದ್ದ ನೆಲದ ಏರಿಳಿತ ಕಾಣುತ್ತದೆ.

ರಿಪೇರಿ ಸುಲಭ. ಹಿನ್ನೀರಿನ ಅಂಚನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಂದು, ಅದರೊಳಗಿನ ನೆಲವನ್ನೆಲ್ಲ ಒಂದೇ ಎತ್ತರಕ್ಕೆ ಸಮ ಮಾಡಿದರೆ ನೀರು ಮೆಟ್ಟಿಲು ಹತ್ತೋದು ನಿಲ್ಲುತ್ತದೆ. ಆದರೆ ಸಮ ಮಾಡಿದ ಕೂಡಲೇ ಆ ನೆಲ ಎರಡನೇ ಸಲ ಮುಳುಗುತ್ತದೆ. ಅದಕ್ಕೇ ಮೊದಲು ಹಳೆಯ ಫೋಲ್ಡರಿನ ಒಂದು ಕಾಪಿ ತಾರೀಖು ಬರೆದು ಬೇರೆ ಕಡೆ ಇಡಿ.

ನೌಕೆಯ ಕಣ್ಣಿಗೆ ಬೀಳದ್ದೂ ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜು 90 ಮೀಟರಿನ ಜರಡಿಯಲ್ಲಿ ನಿಲ್ಲೋದಿಲ್ಲ. ಅಂಥದ್ದನ್ನು ನಾವೇ ನಕ್ಷೆಗೆ ಸೇರಿಸಬೇಕು.

2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದೆ. ಯಾರ ಹೊಲ ಹೋಗುತ್ತದೆ ಅನ್ನೋದನ್ನು ಸಿಮ್ಯುಲೇಟರ್ ನೋಡಿ ಹೇಳೋಕಾಗಲ್ಲ. ನೌಕೆಯ ಅಳತೆಯಲ್ಲೇ ಕೆಲವು ಮೀಟರ್ ಹೆಚ್ಚುಕಮ್ಮಿ ಇರುತ್ತದೆ. ಆದರೆ ಇನ್ನೊಂದು ಕೆಲಸ ಆಗುತ್ತದೆ. ಹಳೆಯ ಸೀನರಿ ಹಾಕಿ, ವಿಮಾನವನ್ನು ನಿಧಾನ ಹಾರಿಸುತ್ತ, ಮನೆಯ ಹಿರಿಯರನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. "ಅಜ್ಜಾ, ಇಲ್ಲಿ ಯಾರ ಹೊಲ ಇತ್ತು?" ಅಂತ ಕೇಳಿ, ಹೆಸರು ಬರೆದುಕೊಳ್ಳಿ. ರಾಡಾರಿಗೆ ಎತ್ತರ ಸಿಕ್ಕಿದೆ, ಹೆಸರು ಸಿಕ್ಕಿಲ್ಲ.