ಕಾಲಯಾನದ ಕಥೆಗಳೂ ನೋಡುಗರ ಊಹೆಗಳೂ

ಇತಿಹಾಸದ ಪಾಠ ಮುಗಿದು ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಏಳುತ್ತಿತ್ತು: “ಗುರುಗಳ, ಹಂಗ ಆಗದಿದ್ದರ ಏನಾಗತಿತ್ತರೀ?” 1565ರಲ್ಲಿ ರಾಮರಾಯನು ರಣದಲ್ಲಿ ಸೆರೆ ಸಿಗದಿದ್ದರೆ? 1761ರಲ್ಲಿ ಪಾಣಿಪತದಲ್ಲಿ ವಿಶ್ವಾಸರಾಯನಿಗೆ ಗುಂಡು ತಗಲದಿದ್ದರೆ? ಪಠ್ಯಕ್ರಮದಲ್ಲಿ ಇಂಥ ಪ್ರಶ್ನೆಗೆ ಸ್ಥಳವಿಲ್ಲ, ಪರೀಕ್ಷೆಯಲ್ಲಿ ಅಂಕವೂ ಇಲ್ಲ. ಆದರೂ ಪಾಠದುದ್ದಕ್ಕೂ ತೂಕಡಿಸಿದ ಹುಡುಗನು ಆ ಒಂದು ಕ್ಷಣ ಕಣ್ಣರಳಿಸಿ ಕೂಡುತ್ತಿದ್ದನೆಂಬುದನ್ನು ನಾವು ಬಲ್ಲೆವು.

ಇದೇ ಪ್ರಶ್ನೆಯನ್ನು ಹಿಡಿದು ಈಚೆಗೆ ದೇಶದೇಶಗಳ ತರುಣರು ಹಗಲಿರುಳು ವಾದಿಸಿದ ಒಂದು ಧಾರಾವಾಹಿಯಿದೆ. ಅದರ ಹೆಸರು ‘ಡಾರ್ಕ್’; ಮೂಲ ಭಾಷೆ ಜರ್ಮನ್. ಪುಣೆಯಿಂದ ರಜೆಗೆ ಬಂದ ನಮ್ಮ ಮೊಮ್ಮಕ್ಕಳು ಅದರ ಪಾತ್ರಗಳ ವಂಶವೃಕ್ಷವನ್ನು ನೋಟುಬುಕ್ಕಿನ ನಡುಹಾಳೆಯಲ್ಲಿ ಬರೆದುಕೊಂಡು ಜಗಳವಾಡುವುದನ್ನು ಕಂಡು ನಾವೂ ಅವರ ಜೊತೆ ಕುಳಿತು ನೋಡಿದೆವು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಪರದೆಯ ಕಥೆಯ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಆ ಮಕ್ಕಳ ಜಗಳದಲ್ಲಿ ಇತಿಹಾಸಕಾರನ ಕಸುಬಿನ ಗುಣವೂ ದೋಷವೂ ಒಟ್ಟಿಗೆ ಕಂಡವು. ಈ ಲೇಖನಕ್ಕೆ ಅದೇ ಕಾರಣ.

ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಜರ್ಮನಿಯ ವಿಂಡೆನ್ ಎಂಬ ಕಲ್ಪಿತ ಊರು. ಊರ ಬದಿಗೆ ಅಣು ವಿದ್ಯುತ್ ಸ್ಥಾವರ, ಕಾಡಿನೊಳಗೆ ಒಂದು ಗವಿ. 2019ರ ನವೆಂಬರ್ 4ರ ರಾತ್ರಿ ಮಿಕ್ಕೆಲ್ ಎಂಬ ಬಾಲಕನು ಆ ಗವಿಯ ಹತ್ತಿರ ಕಾಣೆಯಾಗುತ್ತಾನೆ. ಅವನು ಸತ್ತಿಲ್ಲ, 1986ಕ್ಕೆ ಹೋಗಿದ್ದಾನೆ. ಅಲ್ಲಿಯೇ ಬೇರೆ ಹೆಸರಿನಿಂದ ಬೆಳೆದು, ಮದುವೆಯಾಗಿ, ಯೋನಾಸ್ ಎಂಬ ಮಗನನ್ನು ಪಡೆಯುತ್ತಾನೆ. ಆ ಯೋನಾಸನು 2019ರಲ್ಲಿ ಪ್ರೀತಿಸುವ ಹುಡುಗಿಯೋ ಮಿಕ್ಕೆಲನ ಒಡಹುಟ್ಟಿದ ಅಕ್ಕ, ಅಂದರೆ ಅವನ ಸೋದರತ್ತೆ! ಕಾಲವು 33 ವರ್ಷಗಳಿಗೊಮ್ಮೆ ಸುತ್ತು ಬರುತ್ತದೆಂಬುದು ಕಥೆಯ ಕಟ್ಟು: 1953, 1986, 2019. ತಾಯಿಯು ತನ್ನ ಮಗಳ ಮಗಳಾಗಿರುವ ಪ್ರಸಂಗವೂ ಅದರಲ್ಲಿದೆ. ಸೋದರಮಾವ, ಸೋದರತ್ತೆ, ಬೀಗರು ಎಂದು ನಂಟಿನ ಎಳೆಯನ್ನು ಏಳು ತಲೆಮಾರಿನವರೆಗೆ ಎಣಿಸಬಲ್ಲ ನಮ್ಮ ಹಳ್ಳಿಯ ಅಜ್ಜಿಯರನ್ನೂ ಆ ಕಥೆ ಸೋಲಿಸೀತು.

ಮೊದಲ ಕಂತುಗಳ ಗುಂಪು 2017ರ ಡಿಸೆಂಬರ್ 1ರಂದು ಬಂದಿತು. ಎರಡನೆಯದು 2019ರ ಜೂನ್ 21ರಂದು. ಕೊನೆಯದು 2020ರ ಜೂನ್ 27ರಂದು. ಕೊನೆಯ ದಿನಾಂಕವೇ ಕಥೆಯೊಳಗೆ ಲೋಕಕ್ಕೆ ವಿಪತ್ತು ಬಂದೊದಗುವ ದಿನಾಂಕವೂ ಹೌದು. ಈ ಎರಡೂವರೆ ವರ್ಷಗಳ ನಡುವಿನ ಬಿಡುವುಗಳಲ್ಲಿ ನೋಡುಗರು ಸುಮ್ಮನೆ ಕೂಡಲಿಲ್ಲ. ಗೋಡೆಯ ಮೇಲಿನ ಭಾವಚಿತ್ರ, ಕೊರಳ ಪದಕ, ಒಂದು ಗಾಯದ ಗುರುತು, ಯಾರೋ ಬಾಯ್ತಪ್ಪಿ ಆಡಿದ ಮಾತು ಎಲ್ಲವನ್ನೂ ಸಾಕ್ಷ್ಯವೆಂದು ಕೂಡಿಟ್ಟು ಮುಂದಿನದನ್ನು ಊಹಿಸತೊಡಗಿದರು.

ಆ ಊಹೆಗಳಲ್ಲಿ ಒಂದು ನಮ್ಮ ಮನಸ್ಸಿನಲ್ಲಿ ನಿಂತಿದೆ. ಕಥೆಯಲ್ಲಿ ನೋವಾ ಎಂಬ ಪಾದ್ರಿಯಿದ್ದಾನೆ. ಯಾವ ಕಾಲಕ್ಕೆ ಹೋದರೂ ಮುಪ್ಪಡರದ ನಿಗೂಢ ಮನುಷ್ಯ. ಅವನು ಬಾರ್ಟೋಶ್ ಎಂಬ ಹುಡುಗನ ಬಗ್ಗೆ ತೋರುವ ವಿಶೇಷ ಆಸ್ಥೆಯನ್ನು ಕಂಡು, ಈ ಬಾರ್ಟೋಶನೇ ದೊಡ್ಡವನಾಗಿ ಹಿಂದಿನ ಕಾಲಕ್ಕೆ ಹೋಗಿ ನೋವಾ ಆಗಿದ್ದಾನೆಂದು ಬಹಳ ಮಂದಿ ಅಭಿಮಾನಿಗಳು ವಾದಿಸಿದರು. ವಾದ ಬಲವಾಗಿಯೇ ಇತ್ತು. ಕಥೆ ಮುಂದುವರಿದಾಗ ತಿಳಿದದ್ದು ಬೇರೆ: ನೋವಾ ಬಾರ್ಟೋಶನಲ್ಲ, ಬಾರ್ಟೋಶನ ಮಗ! ಊಹೆ ಒಂದು ತಲೆಮಾರಿನಷ್ಟು ತಪ್ಪಿತು. ಇಬ್ಬರ ನಡುವೆ ರಕ್ತದ ನಂಟೊಂದಿದೆಯೆಂಬುದನ್ನು ಮಾತ್ರ ಅದು ಸರಿಯಾಗಿ ಮೂಸಿ ಹಿಡಿದಿತ್ತು. ಸಾಕ್ಷ್ಯವನ್ನು ಸರಿಯಾಗಿ ಓದಿ ತೀರ್ಮಾನದಲ್ಲಿ ಎಡವಿದ ಇಂಥ ಊಹೆಯನ್ನು ನಾವು ಕೀಳೆನ್ನಲಾರೆವು. ನಮ್ಮ ಶಾಸನತಜ್ಞರ ರಾಜವಂಶಾವಳಿಗಳಲ್ಲಿ ತಂದೆಯು ಅಣ್ಣನಾದ, ಅಣ್ಣನು ತಂದೆಯಾದ ಉದಾಹರಣೆಗಳು ಕಡಿಮೆಯಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯೂ ಇದೆ. ಅಮೆರಿಕದ ‘ಲಾಸ್ಟ್’ ಎಂಬ ಧಾರಾವಾಹಿ 2004ರಿಂದ 2010ರವರೆಗೆ ನಡೆಯಿತು. ವಿಮಾನ ಬಿದ್ದು ದ್ವೀಪವೊಂದರಲ್ಲಿ ಸಿಕ್ಕಿಬಿದ್ದವರ ಕಥೆಯದು. ಮುಂದೆ ಅವರೂ ಕಾಲದಲ್ಲಿ ಹಿಂದುಮುಂದಾಗಿ ಎಸೆಯಲ್ಪಡುತ್ತಾರೆ. ಅವರೆಲ್ಲ ಮೊದಲ ದಿನವೇ ಸತ್ತಿದ್ದಾರೆ, ದ್ವೀಪವು ಪರಲೋಕದ ಹೊಸ್ತಿಲು ಎಂಬ ಊಹೆ ಆರಂಭದಲ್ಲಿಯೇ ಹುಟ್ಟಿತು. ಹಾಗಲ್ಲವೆಂದು ಕರ್ತೃಗಳೇ ಹೇಳಿದರು. ಕಥೆ ಮುಗಿದ ಮೇಲೂ ಅದನ್ನೇ ನಂಬಿದವರಿದ್ದಾರೆ. ಸಾಕ್ಷ್ಯ ಬದಲಾದರೂ ಬದಲಾಗದ ಊಹೆಗೆ ಹಟವೆಂದು ಹೆಸರು.

ಕಾಲವನ್ನು ಹಾರಿಸುವ ಕಥೆ ನಮಗೇನೂ ಹೊಸದಲ್ಲ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ರಾಜನು ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾನ ನಡೆದಿತ್ತು, ಮುಗಿಯುವವರೆಗೆ ಕಾಯ್ದನು. ಬ್ರಹ್ಮನು ನಕ್ಕು, ನೀನು ಮನಸ್ಸಿನಲ್ಲಿಟ್ಟುಕೊಂಡ ವರರೆಲ್ಲ ಎಂದೋ ಅಳಿದುಹೋದರು, ಭೂಮಿಯಲ್ಲಿ 27 ಚತುರ್ಯುಗಗಳು ಕಳೆದವು ಎಂದನಂತೆ. ಕೊನೆಗೆ ರೇವತಿ ಬಲರಾಮನ ಕೈ ಹಿಡಿದಳು. ಇದನ್ನು ಹೇಳಿ, 1905ರ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ನಮ್ಮ ಪುರಾಣದಲ್ಲಿಯೇ ಇತ್ತೆಂದು ಚಪ್ಪಾಳೆ ಗಿಟ್ಟಿಸುವ ಭಾಷಣಕಾರರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಕಥೆಯು ಕಥೆಯಾಗಿಯೇ ಸಾಕಷ್ಟು ದೊಡ್ಡದು. ಇಂಗ್ಲಿಷಿನಲ್ಲಿ ಎಚ್. ಜಿ. ವೆಲ್ಸರು ಕಾಲಯಂತ್ರದ ಕಾದಂಬರಿ ಬರೆದದ್ದು 1895ರಲ್ಲಿ. ನಮ್ಮ ಸೋಲಾಪುರದ ನೇಕಾರ ಪೇಟೆಗಳ ತೆಲುಗು ಬಂಧುಗಳಿಗೆ 1991ರ ‘ಆದಿತ್ಯ 369’ ಚಿತ್ರ ನೆನಪಿದ್ದೀತು. ಅದರ ನಾಯಕನು ಯಂತ್ರವೇರಿ 1526ರ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿಳಿಯುತ್ತಾನೆ. ಇನ್ನು ವಾರವಾರವೂ ಕಾದು ಊಹಿಸುವ ಚಟವನ್ನು ನಮಗೆ ಹತ್ತಿಸಿದ್ದು ದೂರದರ್ಶನ: ಕನ್ನಡದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’, ಮರಾಠಿಯಲ್ಲಿ ‘ಏಕ ಶೂನ್ಯ ಶೂನ್ಯ’.

ಆದರೆ ನಮ್ಮ ವಿಷಯಕ್ಕೆ ತೀರ ಹತ್ತಿರದ ಕಥೆಯನ್ನು ಬರೆದವರು ಕೊಲ್ಲಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು. ಮರಾಠಿಯಲ್ಲಿ ಅದರ ಹೆಸರು ‘ಗಂಗಾಧರಪಂತಾಂಚೆ ಪಾಣಿಪತ’. ಅದರ ಸಂಕ್ಷಿಪ್ತ ರೂಪವು ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಬಂದದ್ದರಿಂದ ನಮ್ಮ ಅನೇಕ ಮಕ್ಕಳು ಓದಿದ್ದಾರೆ. ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತರು ಪುಣೆಯಲ್ಲಿ ಅಪಘಾತಕ್ಕೆ ಸಿಕ್ಕು ಎಚ್ಚರುವುದು ಮರಾಠರು ಪಾಣಿಪತವನ್ನು ಗೆದ್ದಿರುವ ಬೇರೊಂದು ಲೋಕದಲ್ಲಿ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಂಬಯಿಯಲ್ಲಿ ಇನ್ನೂ ಬದುಕಿದೆ. ಈ ಭೇದ ಎಲ್ಲಿಂದ ಹುಟ್ಟಿತೆಂದು ಅವರು ಗ್ರಂಥಾಲಯಕ್ಕೆ ಹೋಗಿ ಹುಡುಕುತ್ತಾರೆ. ವಿಶ್ವಾಸರಾಯನ ಕಿವಿಯ ಬಳಿ ಸವರಿಹೋದ ಗುಂಡು! ಅಷ್ಟೇ ಅಂತರ. ಮರಳಿ ಬಂದಾಗ ಅವರ ಜೇಬಿನಲ್ಲಿ ಆ ಲೋಕದ ಬಖರಿನ ಒಂದು ಹರಿದ ಹಾಳೆಯಿರುತ್ತದೆ. ಪುಸ್ತಕ ಅಲ್ಲಿಯ ಗಲಾಟೆಯಲ್ಲಿ ಕಳೆದಿದೆ. ಹಾಳೆಯೊಂದು ಇರದಿದ್ದರೆ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾರಳೀಕರರು ವಿಜ್ಞಾನಿಯಾಗಿದ್ದೂ ಇತಿಹಾಸಕಾರನ ಮರ್ಮವನ್ನು ಹಿಡಿದಿದ್ದಾರೆ.

ಹಾಳೆಯಿಲ್ಲದ ಊಹೆ ಎಷ್ಟು ಸುಲಭವೆಂಬುದಕ್ಕೆ ಮೊಮ್ಮಕ್ಕಳೊಂದಿಗೆ ನಾವೇ ಆಡಿದ ಒಂದು ಆಟ ಹೇಳುತ್ತೇವೆ. ಧಾರಾವಾಹಿಯ 33ರ ಲೆಕ್ಕವನ್ನು ನಮ್ಮ ಸೀಮೆಗೆ ಹಚ್ಚಿದೆವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಅದಕ್ಕೆ 33 ಕೂಡಿಸಿದರೆ 1993: ಆ ಸೆಪ್ಟೆಂಬರ್ 30ರ ನಸುಕಿನಲ್ಲಿ, ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಊರವರು ಮಲಗಿದ್ದಾಗ, ಕಿಲ್ಲಾರಿಯ ಭೂಕಂಪ, ಸುಮಾರು 10,000 ಜನ ಮಡಿದರು. ಮತ್ತೆ 33 ಕೂಡಿಸಿದರೆ 2026! ಮಕ್ಕಳ ಮೈ ಜುಮ್ಮೆಂದಿತು. ಆಗ ನಾವು 28 ಎಂಬ ಅಂಕಿಯನ್ನು ಕೊಟ್ಟು ಹುಡುಕಲು ಹೇಳಿದೆವು. ಅವರು ಎರಡೇ ಗಳಿಗೆಯಲ್ಲಿ 28ಕ್ಕೂ ಅಷ್ಟೇ ಭಯಂಕರವಾದ ಸರಣಿಯನ್ನು ಕಟ್ಟಿ ತಂದರು.

ಶಾಸನ ಓದುವವರಿಗೆ ಇಂಥ ಲೆಕ್ಕವೇ ಶತ್ರುವೂ ಹೌದು, ಮಿತ್ರನೂ ಹೌದು. ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದಕ್ಕೊಂದು ಹೊಂದದಿದ್ದರೆ ತಜ್ಞರು ಸಂಶಯಪಡುತ್ತಾರೆ. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಫ್ಲೀಟರು ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ನಕಲಿಯೆಂದು ತೋರಿಸಿದ್ದು ಇಂಥ ನಿಷ್ಠುರ ಪರೀಕ್ಷೆಯಿಂದ. ಅಂದಿನ ಪಂಡಿತರಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ.

ನಮ್ಮ ಜಿಲ್ಲೆಯದೇ ಒಂದು ನಿದರ್ಶನವಿದೆ. ಮರಾಠಿಯ ಮೊದಲ ಶಾಸನ ಯಾವುದು? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹವೆಂದು ದೀರ್ಘಕಾಲ ಪಾಠ ಹೇಳಲಾಯಿತು. ಕಾಲ ಸುಮಾರು 983. ಅದರ ಎರಡನೆಯ ಸಾಲಿನಲ್ಲಿ ಹೆಸರಿರುವ ಗಂಗರಾಜನಾದರೋ ಹನ್ನೆರಡನೆಯ ಶತಮಾನದವನು. ಆದ್ದರಿಂದ ಬರಹವೂ ಆಗಿನದೇ ಇರಬೇಕೆಂದು ವಿದ್ವಾಂಸರು ಶಂಕಿಸಿದರು. ಆಮೇಲೆ ಭೀಮಾ ಮತ್ತು ಸೀನಾ ಕೂಡುವ ಹತ್ತರಸಂಗ ಕೂಡಲದ ಸಂಗಮೇಶ್ವರ ದೇಗುಲದಲ್ಲಿ ಶಕ 940ರ, ಅಂದರೆ 1018ರ ಶಾಸನ ಬೆಳಕಿಗೆ ಬಂದಿತು; ಅದರಲ್ಲಿ ಸೋಲಾಪುರದ ಶಾಸನಾಸಕ್ತ ಆನಂದ ಕುಂಭಾರರ ಶ್ರಮ ದೊಡ್ಡದು. ಕೊಂಕಣದ ಆಕ್ಷಿಯ ಕಲ್ಲು 1012ರದೆಂದು ಇನ್ನೊಂದು ಪಕ್ಷ. ಮರಾಠಿಯ ಮೊದಲ ಮಾತಿಗಾಗಿ ಒಮ್ಮೆ ಹಾಸನ ಜಿಲ್ಲೆಗೆ, ಒಮ್ಮೆ ಕನ್ನಡಿಗರು ಇಂದಿಗೂ ದಟ್ಟವಾಗಿರುವ ದಕ್ಷಿಣ ಸೋಲಾಪುರಕ್ಕೆ ಹೋಗಬೇಕಾಗಿ ಬಂದದ್ದು ಗಡಿನಾಡಿನವರಿಗೆ ನಸುನಗೆ ತರಿಸದೆ ಇರಲಾರದು. ಧಾರಾವಾಹಿಗೆ ಕೊನೆಯ ಕಂತುಂಟು. ಗಡಿಯಾರ ತಯಾರಿಸುವ ಒಬ್ಬ ಮುದುಕನ ಪುತ್ರಶೋಕದಿಂದ ಎಲ್ಲ ಗೋಜಲೂ ಹುಟ್ಟಿತೆಂದು ಕರ್ತೃ ಅಲ್ಲಿ ಬಿಚ್ಚಿ ಹೇಳಿದನು. ಕೂಡಲದ ಕಲ್ಲಿಗೆ ಅಂಥ ಕರ್ತೃ ಎಲ್ಲಿಂದ ಬರಬೇಕು?

ಇನ್ನು, ಈ ಭಾಗದ ಪ್ರತಿ ಚಹಾ ಅಂಗಡಿಯ ಕಟ್ಟೆಯ ಮೇಲೆ ಎದ್ದೇಳುವ ನಮ್ಮದೇ ಊಹೆಗೆ ಬರುತ್ತೇವೆ. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದಿಂದ ಮೈಸೂರಿಗೆ ಸೇರಿದವು. ಅಕ್ಕಲಕೋಟ ಸೇರಲಿಲ್ಲ. ಸೇರಿದ್ದರೆ?

ಇದನ್ನು ರಾಜಕೀಯದ ಕೂಗಿನಿಂದ ಬಿಡಿಸಿ ಡಾರ್ಕಿನ ಹುಡುಗರಂತೆ ಸಾಕ್ಷ್ಯ ಹಿಡಿದು ನೋಡೋಣ. ಕವಲು 1956ರಲ್ಲಿ ಇಲ್ಲವೆಂಬುದು ನಮ್ಮ ಅಭಿಪ್ರಾಯ, ಅದು 1948ರಲ್ಲಿದೆ. ಆ ವರ್ಷ ಭೋಸಲೆ ಅರಸರ ಅಕ್ಕಲಕೋಟ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೋಲಾಪುರ ಜಿಲ್ಲೆಗೆ ಸೇರಿತು. ಆಗ ಅದೇ ಪ್ರಾಂತದ ನೆರೆಯ ಬಿಜಾಪುರ ಜಿಲ್ಲೆಗೆ ಸೇರಿಸಿದ್ದರೆ ಯಾರೂ ಅದನ್ನು ದೊಡ್ಡ ಸುದ್ದಿಯೆಂದು ಎಣಿಸುತ್ತಿರಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವೆಂದು ಹಿಡಿದಿತು. ಒಟ್ಟಾರೆ ಸೋಲಾಪುರ ಜಿಲ್ಲೆ ಮರಾಠಿಯದು. ಅದರೊಳಗಿನ ಕನ್ನಡ ತಾಲ್ಲೂಕು ಜಿಲ್ಲೆಯ ಲೆಕ್ಕದಲ್ಲಿ ಕರಗಿಹೋಯಿತು. ಈ ವಾದಕ್ಕೆ ಎದುರಾದ ಸಾಕ್ಷ್ಯವನ್ನೂ ಬಚ್ಚಿಡಲಾಗದು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕನ್ನು ಅದೇ ವೇಳೆಗೆ ಬಿಡಿಸಿ ಮುಂಬಯಿಗೆ ಕೊಟ್ಟರು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ತಾಲ್ಲೂಕನ್ನು ಒಡೆಯಲಾಗದೆಂಬ ನಿಯಮವೇನೂ ಕಬ್ಬಿಣದ್ದಾಗಿರಲಿಲ್ಲ. 1966ರ ಅಕ್ಟೋಬರಿನಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷದ ವರದಿಯಲ್ಲಿ ಅಕ್ಕಲಕೋಟ ತಾಲ್ಲೂಕು ಮೈಸೂರಿಗೆ ಹೋಗಬೇಕೆಂದು ಶಿಫಾರಸು ಮಾಡಿತು. ವರದಿ ಜಾರಿಗೆ ಬರಲಿಲ್ಲ.

ಆ ಇನ್ನೊಂದು ಲೋಕದ ಚಪಳಗಾಂವದಲ್ಲಿ ನಮ್ಮ ಮಕ್ಕಳು ಕನ್ನಡ ಚೆನ್ನಾಗಿ ಬರೆಯುತ್ತಿದ್ದರೇನೋ. ಮರಾಠಿಯ ಸಂತವಾಣಿಯನ್ನು ಮೂಲದಲ್ಲಿ ಓದುವ ಸುಖ ಬಹುಶಃ ಅವರಿಗೆ ತಪ್ಪುತ್ತಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಮಾತು ಕೇಳಿ, “ಹಂಗಾದ್ರ ನಮ್ಮವ್ವ ಲಗ್ನಾಗಿ ಈ ಊರಿಗಿ ಬರತಿದ್ದಿಲ್ಲರೀ, ನಾ ಹುಟ್ಟತಿದ್ದಿಲ್ಲ” ಎಂದಳು. ಅವಳ ತಾಯಿಯ ತವರು ಪಂಢರಪುರದ ಕಡೆ. ಆ ಲೋಕದಲ್ಲಿ ಅಲ್ಲಿಂದ ಇಲ್ಲಿಗೆ ಹೆಣ್ಣು ಕೊಡುತ್ತಿದ್ದರೋ ಇಲ್ಲವೋ. ಡಾರ್ಕಿನ ಕೊನೆಯಲ್ಲಿ ಯೋನಾಸನೂ ಅವನ ಪ್ರೇಯಸಿಯೂ ಮೂಲದ ತಪ್ಪನ್ನು ಸರಿಪಡಿಸಿ ತಾವೇ ಇಲ್ಲವಾಗುತ್ತಾರೆ. ಆ ಧಾರಾವಾಹಿ ಇನ್ನೂ ಹುಟ್ಟಿರದ ಕಾಲದಲ್ಲಿ ಈ ಹುಡುಗಿ ಅದೇ ಮಾತನ್ನು ಒಂದೇ ವಾಕ್ಯದಲ್ಲಿ ಆಡಿ ಕುಳಿತಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಗಳನ್ನು ಕಟ್ಟೆಯಿಂದ ಕೆಳಗಿಳಿಸಿ ಪರಿಶೀಲಿಸಬೇಕಾದರೆ ಕಾಗದ ಬೇಕು. ಸಂಸ್ಥಾನ ಕಾಲದ ಸನದು, ಕಂದಾಯದ ಪಾವತಿ, ಶಾಲೆಯ ಹಾಜರಿ ಪಟ್ಟಿ, ಲಗ್ನಪತ್ರಿಕೆ, ಅಂಗಡಿಯ ಲೆಕ್ಕದ ವಹಿ ನಮ್ಮ ಮನೆಗಳ ಅಟ್ಟದ ಮೇಲೆ ಇನ್ನೂ ಬಿದ್ದಿವೆ: ಕೆಲವು ಕನ್ನಡದಲ್ಲಿ, ಕೆಲವು ಮೋಡಿಯಲ್ಲಿ. ಮೋಡಿ ಓದಬಲ್ಲವರು ನಮ್ಮ ಸುತ್ತ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ, ಅವರಿಗೂ ನಮ್ಮಂತೆಯೇ ವಯಸ್ಸಾಗಿದೆ. ದಸರೆಗೆ ಮನೆ ಸಾರಿಸಿ ಸುಣ್ಣ ಹಚ್ಚುವಾಗ ಅಂಥ ಗಂಟು ಕೈಗೆ ಸಿಕ್ಕರೆ ರದ್ದಿಯವನ ತಕ್ಕಡಿಗೆ ಹಾಕದೆ ಸಂಘದವರಿಗೆ ಒಮ್ಮೆ ತೋರಿಸಬೇಕು. ಫೋಟೋ ತೆಗೆದುಕೊಂಡು ಮೂಲವನ್ನು ಅದೇ ದಿನ ಮರಳಿಸುವ ವ್ಯವಸ್ಥೆ ಮಾಡಬಹುದು.